ತಾಲೂಕು ಲ್ಯಾಬ್‌ನ ಗುಣಮಟ್ಟ, ಸುರಕ್ಷತೆ: ಬೆಳಗಿನ ಕಂಟ್ರೋಲ್‌ನಿಂದ ಸಂಜೆಯ ಕೆಂಪು ಚೀಲದವರೆಗೆ

ಒಂದು ಸೆಮಿ ಆಟೊ ಅನಲೈಸರ್, ಒಂದು ಥ್ರೀ-ಪಾರ್ಟ್ ಸೆಲ್ ಕೌಂಟರ್, ಒಂದು ಸೆಂಟ್ರಿಫ್ಯೂಜ್, ಒಂದು ಫ್ರಿಜ್, ಒಂದು ಮೈಕ್ರೋಸ್ಕೋಪ್, ಇಬ್ಬರು ಟೆಕ್ನಿಷಿಯನ್‌ಗಳು. ಕರ್ನಾಟಕದ ತಾಲೂಕು ಊರುಗಳ ಬಹುತೇಕ ಲ್ಯಾಬ್‌ಗಳು ಹೀಗೇ ಇರುತ್ತವೆ. ಈ ಮಾರ್ಗದರ್ಶಿ ಅಂಥವಕ್ಕೇ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಗೆ ಹೋಗುವವರು ಐಎಸ್‌ಒ 15189:2022 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇನ್ನೂ ನೂರೆಂಟು ದಾಖಲೆ ಇಡಬೇಕಾಗುತ್ತದೆ, ಅದು ಬೇರೆ ಮಾತು. ಇಲ್ಲಿರುವುದು ಮಾನ್ಯತೆ ಇದ್ದರೂ ಇಲ್ಲದಿದ್ದರೂ ದಿನಾ ಮಾಡಲೇಬೇಕಾದ ಕೆಲಸ.

ಶುರು ಮಾಡುವ ಮುಂಚೆ ಒಂದು ತೀರ್ಮಾನ ಆಗಬೇಕು. ಕಂಟ್ರೋಲ್ ಎಂದರೆ ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್, ಮಷೀನ್ ಸರಿ ಇದೆಯೇ ಎಂದು ತಿಳಿಯಲು ದಿನಾ ಓಡಿಸುವುದು. ಅದರ ಅಂಕಿ ಮಿತಿ ಮೀರಿದರೆ ಕಂಟ್ರೋಲ್ ಹೊರಬಿತ್ತು ಎನ್ನುತ್ತೇವೆ. ಕಂಟ್ರೋಲ್ ಹೊರಬಿದ್ದ ದಿನ ಆ ಪರೀಕ್ಷೆಯ ರಿಪೋರ್ಟ್ ಕೊಡುವುದಿಲ್ಲ ಎಂದು ಹೇಳುವ ಅಧಿಕಾರ, ಬೆಳಗ್ಗೆ ಬಂದು ಮಷೀನ್ ಆನ್ ಮಾಡುವವರ ಕೈಯಲ್ಲೇ ಇರಬೇಕು. ಮಾಲೀಕರಿಗೆ ಫೋನ್ ಮಾಡಿ ಕೇಳಬೇಕಾದ ಸ್ಥಿತಿ ಇದ್ದರೆ ಕಂಟ್ರೋಲ್ ಸೀರಂಗೆ ಕೊಟ್ಟ ದುಡ್ಡು ದಂಡ.

ಸ್ಯಾಂಪಲ್ ಕೆಡುವುದು ಸೂಜಿಯ ಬುಡದಲ್ಲೇ

ಮಷೀನ್ ಎಷ್ಟೇ ಚೆನ್ನಾಗಿದ್ದರೂ ಟ್ಯೂಬಿನೊಳಗೆ ಕೆಟ್ಟಿದ್ದನ್ನು ಅದು ಸರಿ ಮಾಡಲಾರದು. ಕ್ರಮ ಹೀಗಿರಲಿ.

1. ಹೆಸರು, ವಯಸ್ಸನ್ನು ರೋಗಿಯ ಬಾಯಲ್ಲೇ ಹೇಳಿಸಿ. "ಮಂಜುನಾಥ್ ಅಲ್ವಾ?" ಎಂದು ಕೇಳಿದರೆ ಕಿವಿ ಮಂದ ಇರುವವರೂ ಹೂಂ ಅನ್ನುತ್ತಾರೆ. "ನಿಮ್ಮ ಹೆಸರೇನು?" ಎಂದೇ ಕೇಳಬೇಕು.

2. ಲೇಬಲನ್ನು ರಕ್ತ ತೆಗೆದ ಮೇಲೆ, ರೋಗಿ ಎದುರಿಗಿರುವಾಗಲೇ ಅಂಟಿಸಿ. ಮೊದಲೇ ಲೇಬಲ್ ಹಚ್ಚಿ ಸಾಲಾಗಿ ಇಟ್ಟ ಖಾಲಿ ಟ್ಯೂಬ್‌ಗಳೇ ಅದಲುಬದಲಿಗೆ ದೊಡ್ಡ ಕಾರಣ.

3. ಟೂರ್ನಿಕೆಟ್ ಒಂದು ನಿಮಿಷ ಮೀರಬಾರದು. ಹೆಚ್ಚು ಹೊತ್ತು ಕಟ್ಟಿದರೆ ನೀರಿನ ಅಂಶ ನಾಳದಿಂದ ಹೊರಹೋಗಿ ಪ್ರೋಟೀನ್, ಕ್ಯಾಲ್ಸಿಯಂ ಏರುತ್ತವೆ. ಅದರ ಜೊತೆ ಮುಷ್ಟಿ ಬಿಗಿ ಹಿಡಿದು ಬಿಡು ಎಂದು ಹತ್ತು ಸಲ ಹೇಳಿಸಿದರೆ ಪೊಟ್ಯಾಸಿಯಂ ಕೂಡ ಏರುತ್ತದೆ.

4. ಟ್ಯೂಬ್‌ಗಳ ಸರದಿ: ಬ್ಲಡ್ ಕಲ್ಚರ್ ಇದ್ದರೆ ಮೊದಲು ಅದು, ನಂತರ ನೀಲಿ ಮುಚ್ಚಳದ ಸಿಟ್ರೇಟ್, ಕೆಂಪು ಅಥವಾ ಹಳದಿ ಮುಚ್ಚಳದ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿ ದ್ರವ) ಟ್ಯೂಬ್, ಹಸಿರು ಮುಚ್ಚಳದ ಹೆಪಾರಿನ್, ನೇರಳೆ ಮುಚ್ಚಳದ ಇಡಿಟಿಎ, ಕೊನೆಗೆ ಬೂದು ಮುಚ್ಚಳದ ಫ್ಲೋರೈಡ್. ಸರದಿ ತಪ್ಪಿದರೆ ಏನಾಗುತ್ತದೆ? ಇಲ್ಲಿ ಸಿಗುವ ಇಡಿಟಿಎ ಟ್ಯೂಬ್‌ಗಳಲ್ಲಿರುವುದು ಪೊಟ್ಯಾಸಿಯಂ ಲವಣ, ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ವಸ್ತು. ಒಂದು ಹನಿ ಸೀರಂ ಟ್ಯೂಬಿಗೆ ದಾಟಿದರೂ ಪೊಟ್ಯಾಸಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ, ಎಎಲ್‌ಪಿ ಎಂಬ ಎನ್ಜೈಮ್ ಕಡಿಮೆ ಬರುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ಡಾಕ್ಟರಿಗೆ ಫೋನ್ ಮಾಡುವ ಮೊದಲು ಹೊಸ ಸ್ಯಾಂಪಲ್ ತೆಗೆಯಿರಿ.

5. ಸಿಟ್ರೇಟ್ ಟ್ಯೂಬಿನಲ್ಲಿ ಗುರುತಿನವರೆಗೆ ರಕ್ತ ಬರಲೇಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಅಂದರೆ 0.3 ಮಿ.ಲೀ. ಸಿಟ್ರೇಟ್ ಇರುವ ಟ್ಯೂಬಿಗೆ 2.7 ಮಿ.ಲೀ. ರಕ್ತ. ಅರ್ಧ ತುಂಬಿದ ಟ್ಯೂಬಿನಲ್ಲಿ ಪಿಟಿ, ಅಂದರೆ ಹೆಪ್ಪುಗಟ್ಟಲು ಹಿಡಿಯುವ ಸಮಯ, ಸುಮ್ಮನೆ ಉದ್ದವಾಗುತ್ತದೆ.

6. ಇಡಿಟಿಎ ಮತ್ತು ಫ್ಲೋರೈಡ್ ಟ್ಯೂಬನ್ನು 8ರಿಂದ 10 ಸಲ, ಸಿಟ್ರೇಟನ್ನು 3–4 ಸಲ ನಿಧಾನವಾಗಿ ತಲೆಕೆಳಗು ಮಾಡಿ. ಕುಲುಕಬೇಡಿ.

7. ಸಿರಿಂಜಿನಲ್ಲಿ ತೆಗೆದಿದ್ದರೆ ಸೂಜಿಯ ಮೂಲಕ ಒತ್ತಿ ಟ್ಯೂಬಿಗೆ ಹಾಯಿಸಬೇಡಿ. ಕೆಂಪು ರಕ್ತಕಣ ಒಡೆಯುತ್ತವೆ. ಸೀರಂ ಕೆಂಪಾದರೆ ಪೊಟ್ಯಾಸಿಯಂ, ಎಲ್‌ಡಿಎಚ್ ಮತ್ತು ಎಸ್‌ಜಿಒಟಿ ಎಂಬ ಎನ್ಜೈಮ್‌ಗಳು, ಮೂರೂ ಸುಳ್ಳು.

ಸೀರಂ ಟ್ಯೂಬನ್ನು 30 ನಿಮಿಷ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಲು ಬಿಡಿ, ಆಮೇಲೆ 10 ನಿಮಿಷ ತಿರುಗಿಸಿ. ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಎನ್ನುವುದು ರೋಟರಿನ ಅಳತೆಯ ಮೇಲೆ ಹೋಗುತ್ತದೆ. ಮಧ್ಯದಿಂದ ಟ್ಯೂಬಿನ ತಳಕ್ಕೆ 15 ಸೆಂ.ಮೀ. ಇರುವ ಸೆಂಟ್ರಿಫ್ಯೂಜ್‌ನಲ್ಲಿ 3000 ಆರ್‌ಪಿಎಂ ಎಂದರೆ ಗುರುತ್ವದ ಸುಮಾರು 1500 ಪಟ್ಟು ಎಳೆತ, ಅಷ್ಟು ಸಾಕು. 10 ಸೆಂ.ಮೀ.ನ ಚಿಕ್ಕ ಮಷೀನ್‌ನಲ್ಲಿ ಅದೇ 3000ಕ್ಕೆ ಸಾವಿರ ಪಟ್ಟು ಮಾತ್ರ ಸಿಗುತ್ತದೆ. ಹೆಪ್ಪುಗಟ್ಟುವ ಮೊದಲೇ ಅವಸರ ಮಾಡಿ ತಿರುಗಿಸಿದರೆ ಸೀರಂನಲ್ಲಿ ಫೈಬ್ರಿನ್ ಎಳೆಗಳು ಉಳಿದು ಮೈಕ್ರೊಪಿಪೆಟ್ ತುದಿ ಕಟ್ಟುತ್ತದೆ, ಮಷೀನಿನೊಳಗೆ ದ್ರವ ಹಾಯುವ ಫ್ಲೋ ಸೆಲ್ಲೂ ಕಟ್ಟುತ್ತದೆ.

ಹಳ್ಳಿಯ ಕಲೆಕ್ಷನ್ ಸೆಂಟರ್‌ನಿಂದ ಬೈಕಿನಲ್ಲಿ ಬರುವ ಸ್ಯಾಂಪಲ್‌ಗಳ ಬಗ್ಗೆ ಎರಡು ಮಾತು. ಬೇರ್ಪಡಿಸದ ರಕ್ತದಲ್ಲಿ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸ್ ಇಳಿಯುತ್ತದೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ. ಫ್ಲೋರೈಡ್ ಹಾಕಿದರೂ ಮೊದಲ ಒಂದೆರಡು ಗಂಟೆ ಈ ಇಳಿತ ಪೂರ್ತಿ ನಿಲ್ಲುವುದಿಲ್ಲ. ಇನ್ನೊಂದು, ಇದಕ್ಕೆ ಉಲ್ಟಾ ತಪ್ಪು: ಪೊಟ್ಯಾಸಿಯಂಗೆ ಕೊಟ್ಟ ರಕ್ತವನ್ನು ಬೇರ್ಪಡಿಸದೆ ಐಸ್ ಮೇಲೆ ಇಟ್ಟು ಕಳಿಸುವುದು. ತಣ್ಣಗಾದ ಕಣದ ಪಂಪು ನಿಂತು ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ರೋಗಿಗೆ ಏನೂ ಆಗಿರುವುದಿಲ್ಲ, ರಿಪೋರ್ಟ್ ಮಾತ್ರ 6.5 ಎನ್ನುತ್ತದೆ. ಸೆಂಟರ್‌ನಲ್ಲೇ ಚಿಕ್ಕ ಸೆಂಟ್ರಿಫ್ಯೂಜ್ ಇಟ್ಟು ಸೀರಂ ಬೇರ್ಪಡಿಸಿ ಕಳಿಸುವುದೇ ಇದಕ್ಕೆ ಪರಿಹಾರ.

ಮಷೀನ್ ಮುಟ್ಟುವ ಮುಂಚೆ

ಫ್ರಿಜ್ಜಿನ ಥರ್ಮಾಮೀಟರ್ ನೋಡಿ ಬರೆಯಿರಿ: 2ರಿಂದ 8 ಡಿಗ್ರಿ ಸೆಲ್ಸಿಯಸ್. ಬಾಗಿಲ ಮೇಲಿನ ಡಿಜಿಟಲ್ ಅಂಕಿಯನ್ನಲ್ಲ, ಒಳಗೆ ನೀರಿನ ಬಾಟಲಿಯಲ್ಲಿ ಅದ್ದಿಟ್ಟ ಥರ್ಮಾಮೀಟರ್ ಓದಿ. ರಾತ್ರಿ ಕರೆಂಟು ಹೋಗಿ ಬಂದಿದ್ದರೆ ಬೆಳಗ್ಗೆ ಒಂಬತ್ತಕ್ಕೆ ಎಲ್ಲ ಸರಿಯಾಗೇ ಕಾಣುತ್ತದೆ. ಅದಕ್ಕೇ ಗರಿಷ್ಠ–ಕನಿಷ್ಠ ನೆನಪಿಡುವ ಥರ್ಮಾಮೀಟರ್ ಬೇಕು. ರೀಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಬಾಟಲಿಗಳನ್ನು ಹಿಂಬದಿಯ ಗೋಡೆಗೆ ತಾಗಿಸಿ ಇಡಬೇಡಿ, ಅಲ್ಲಿ ಹೆಪ್ಪುಗಟ್ಟುತ್ತವೆ. ಒಮ್ಮೆ ಹೆಪ್ಪುಗಟ್ಟಿದ ಎನ್ಜೈಮ್ ರೀಜೆಂಟ್ ನೋಡಲು ಚೆನ್ನಾಗಿದ್ದರೂ ನಂಬುವ ಹಾಗಿಲ್ಲ.

ನೀರು. ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್ ಬ್ಯಾಟರಿಗೇ ಇರಲಿ. ಕ್ಯಾಲ್ಸಿಯಂ, ಫಾಸ್ಫರಸ್ ಅಳೆಯುವ ಲ್ಯಾಬಿನಲ್ಲಿ ಬ್ಲಾಂಕ್ (ಸ್ಯಾಂಪಲ್ ಹಾಕದೆ ಬರೀ ರೀಜೆಂಟ್ ಓದಿದ ಅಂಕಿ) ಏರಿಹೋಗುವುದು ಬಹಳ ಸಲ ಇದರಿಂದಲೇ. ಕ್ಯಾನ್ ತೆರೆದ ದಿನಾಂಕ ಬರೆದು, ಒಂದು ವಾರದೊಳಗೆ ಮುಗಿಸಿ.

ಮೈಕ್ರೊಪಿಪೆಟ್ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್‌ಗೆ ಹೋಗಬೇಕು. ನಡುವೆ 1000 ಮೈಕ್ರೊಲೀಟರ್‌ನದನ್ನು ನೀವೇ ಪರೀಕ್ಷಿಸಬಹುದು: ಮಿಲಿಗ್ರಾಂ ತೋರಿಸುವ ತಕ್ಕಡಿಯ ಮೇಲೆ ಹತ್ತು ಸಲ ಡಿಸ್ಟಿಲ್ಡ್ ನೀರು ಹಾಕಿ ತೂಗಿ, ಸರಾಸರಿ 0.997 ಗ್ರಾಂ ಸುತ್ತಮುತ್ತ ಬರಬೇಕು. 10 ಮೈಕ್ರೊಲೀಟರ್‌ನದು ಈ ತಕ್ಕಡಿಗೆ ಸಿಗುವುದಿಲ್ಲ, ಅದನ್ನು ಹೊರಗೇ ಕಳಿಸಿ. ಪಿಪೆಟ್ಟನ್ನು ಮೇಜಿನ ಮೇಲೆ ಅಡ್ಡ ಮಲಗಿಸುವ ಅಭ್ಯಾಸ ಬಿಡಿಸಿ. ಸೀರಂ ಒಳಗೆ ಹರಿದು ಪಿಸ್ಟನ್ ತುಕ್ಕು ಹಿಡಿಯುತ್ತದೆ.

ಕಂಟ್ರೋಲ್ ಸೀರಂ ಕರಗಿಸುವ ಕೈ

ಪುಡಿಯ ರೂಪದ ಕಂಟ್ರೋಲ್ ಸಾಮಾನ್ಯವಾಗಿ 5 ಮಿ.ಲೀ. ಬಾಟಲಿಯಲ್ಲಿ ಬರುತ್ತದೆ. ರಬ್ಬರ್ ಬಿರಡೆಯನ್ನು ಒಮ್ಮೆಲೇ ಕಿತ್ತರೆ ಗಾಳಿ ನುಗ್ಗಿ ಪುಡಿ ಹಾರುತ್ತದೆ, ಆದ್ದರಿಂದ ಬಾಟಲಿಯನ್ನು ಮೇಜಿಗೆ ತಟ್ಟಿ ಮೆಲ್ಲಗೆ ತೆರೆಯಿರಿ. ಗ್ರೇಡ್ ಎ ಗಾಜಿನ ಪಿಪೆಟ್ಟಿನಿಂದ ಸರಿಯಾಗಿ 5 ಮಿ.ಲೀ. ಡಿಸ್ಟಿಲ್ಡ್ ನೀರು ಹಾಕಿ. ಸಿರಿಂಜಿನಿಂದ ಬೇಡ. 4.8 ಮಿ.ಲೀ. ಬಿದ್ದರೂ ಸಕ್ಕರೆಯಿಂದ ಹಿಡಿದು ಕ್ರಿಯಾಟಿನಿನ್‌ವರೆಗೆ ಎಲ್ಲವೂ ಶೇ 4ರಷ್ಟು ಮೇಲೆ ನಿಲ್ಲುತ್ತವೆ. ಹೊಸ ಬಾಟಲಿ ತೆರೆದ ದಿನ ಎಲ್ಲ ಪರೀಕ್ಷೆಗಳೂ ಒಂದೇ ದಿಕ್ಕಿಗೆ ವಾಲಿದರೆ ತಪ್ಪು ಮಷೀನಿನದಲ್ಲ, ಈ ಐದು ಮಿ.ಲೀ.ಯದು.

ನೀರು ಹಾಕಿದ ಮೇಲೆ ಬಿರಡೆ ಹಾಕಿ, ಕತ್ತಲೆಯಲ್ಲಿ ಅರ್ಧ ಗಂಟೆ ಬಿಡಿ. ಬಿಲಿರುಬಿನ್ ಬೆಳಕಿಗೆ ಕೆಡುತ್ತದೆ. ಆಮೇಲೆ ಬಾಟಲಿಯನ್ನು ಓರೆ ಮಾಡಿ ಸುತ್ತಿಸಿ, ನೊರೆ ಬರಬಾರದು, ಬಿರಡೆಗೆ ಅಂಟಿದ ಪುಡಿಯೂ ಕರಗಬೇಕು. 0.5 ಮಿ.ಲೀ.ನಂತೆ ಹತ್ತು ಚಿಕ್ಕ ಕಪ್‌ಗಳಿಗೆ ಹಾಕಿ, ದಿನಾಂಕ ಮತ್ತು ಲಾಟ್ (ಒಂದೇ ಸಲ ತಯಾರಾದ ಗುಂಪು) ಸಂಖ್ಯೆ ಬರೆದು ಮೈನಸ್ 20 ಡಿಗ್ರಿಯಲ್ಲಿಡಿ. ಎಷ್ಟು ದಿನ ಇಡಬಹುದು ಎನ್ನುವುದು ಆ ಕಂಟ್ರೋಲಿನ ಚೀಟಿಯಲ್ಲಿರುತ್ತದೆ. ಮನೆಯಲ್ಲಿ ಬಳಸುವ ಫ್ರಾಸ್ಟ್-ಫ್ರೀ ಫ್ರಿಜ್ಜಿನ ಫ್ರೀಜರ್ ಇದಕ್ಕೆ ಆಗುವುದಿಲ್ಲ: ಹಿಮ ಕರಗಿಸಲು ಅದು ಆಗಾಗ ತಾನೇ ಬಿಸಿಯಾಗುತ್ತದೆ. ದಿನಕ್ಕೊಂದು ಕಪ್ ತೆಗೆದು, ಕೋಣೆಯ ಉಷ್ಣತೆಗೆ ಬಂದ ಮೇಲೆ ಚೆನ್ನಾಗಿ ಬೆರೆಸಿ ಬಳಸಿ. ಮಿಕ್ಕಿದ್ದನ್ನು ಮತ್ತೆ ಫ್ರೀಜರ್‌ಗೆ ಇಡಬೇಡಿ.

ಕಂಟ್ರೋಲ್ ಸೀರಂ ಬಹಳ ಸಲ ಮನುಷ್ಯರ ರಕ್ತದಿಂದಲೇ ಮಾಡಿದ್ದು. ಕೈಗವಸು ಬೇಕೇ ಬೇಕು.

ನಿಮ್ಮದೇ ಸರಾಸರಿ, ನಿಮ್ಮದೇ ಎಸ್‌ಡಿ

ಚೀಟಿಯಲ್ಲಿ ಕೊಟ್ಟಿರುವ ವ್ಯಾಪ್ತಿ ಹತ್ತಾರು ಲ್ಯಾಬ್‌ಗಳನ್ನು ಒಟ್ಟಿಗೆ ತೂಗಿದ್ದು, ಹಾಗಾಗಿ ಅಗಲ. ಅದರೊಳಗೆ ಬಂತು ಎಂದು ಸಮಾಧಾನಪಟ್ಟರೆ ಗೂಳಿಯೂ ನುಗ್ಗುವಷ್ಟು ಅಗಲದ ಬಾಗಿಲು ಇಟ್ಟುಕೊಂಡು ಇಲಿ ಕಾಯ್ದ ಹಾಗೆ. ಹೊಸ ಲಾಟ್ ಬಂದಾಗ, ಹಳೆಯದು ಇನ್ನೂ ಇರುವಾಗಲೇ, ಎರಡನ್ನೂ ಜೊತೆಯಲ್ಲಿ 20 ದಿನ ಓಡಿಸಿ. ದಿನಕ್ಕೊಂದರಂತೆ 20 ದಿನ. ಒಂದೇ ಬೆಳಗ್ಗೆ ಇಪ್ಪತ್ತು ಸಲ ಓಡಿಸಿದರೆ ದಿನದಿಂದ ದಿನಕ್ಕೆ ಆಗುವ ಏರುಪೇರು ಲೆಕ್ಕಕ್ಕೇ ಬರುವುದಿಲ್ಲ, ಎಸ್‌ಡಿ, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎನ್ನುವ ಅಳತೆ, ಸುಳ್ಳಾಗಿ ಚಿಕ್ಕದಾಗುತ್ತದೆ. ಮೊಬೈಲಿನ ಸ್ಪ್ರೆಡ್‌ಶೀಟ್ ಸಾಕು, ಸರಾಸರಿ ಮತ್ತು ಎಸ್‌ಡಿ ಅದೇ ಕೊಡುತ್ತದೆ. ಎಸ್‌ಡಿಯನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸಿವಿ, ಅಂದರೆ ಅದೇ ಹರಡುವಿಕೆ ಶೇಕಡಾದಲ್ಲಿ.

ಲೀವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ಕಾರ್ಖಾನೆಗಳ ಚಾರ್ಟನ್ನು ಲ್ಯಾಬಿಗೆ ತಂದರು. ಇವತ್ತಿಗೂ ಗ್ರಾಫ್ ಹಾಳೆಯ ಮೇಲೆ ಅದನ್ನೇ ಬರೆಯುವುದು: ನಡುವೆ ಸರಾಸರಿಯ ಗೆರೆ, ಮೇಲೆ ಮೂರು, ಕೆಳಗೆ ಮೂರು ಎಸ್‌ಡಿ ಗೆರೆಗಳು, ಅಡ್ಡಕ್ಕೆ ದಿನಾಂಕ. ಕಂಪ್ಯೂಟರಿನಲ್ಲಿ ಇದ್ದರೂ ಒಂದು ಪ್ರತಿ ಗೋಡೆಯ ಮೇಲಿರಲಿ. ಏರುತ್ತಿರುವ ಚುಕ್ಕಿಗಳನ್ನು ಹಾದುಹೋಗುವವರ ಕಣ್ಣೇ ಮೊದಲು ಹಿಡಿಯುತ್ತದೆ.

ತೀರ್ಮಾನಕ್ಕೆ ವೆಸ್ಟ್‌ಗಾರ್ಡ್ 1981ರಲ್ಲಿ ಕೊಟ್ಟ ನಿಯಮಗಳಿವೆ. ಒಂದು ಕಂಟ್ರೋಲ್ 2 ಎಸ್‌ಡಿ ದಾಟಿದರೆ ಎಚ್ಚರಿಕೆ, ಮುಂದಿನ ನಿಯಮಗಳನ್ನು ನೋಡಿ. ಒಂದು 3 ಎಸ್‌ಡಿ ದಾಟಿದರೆ ನಿಲ್ಲಿಸಿ. ಸಾಲಾಗಿ ಎರಡು ಒಂದೇ ಬದಿಗೆ 2 ಎಸ್‌ಡಿ ದಾಟಿದರೆ ನಿಲ್ಲಿಸಿ. ಒಂದೇ ರನ್‌ನಲ್ಲಿ ನಾರ್ಮಲ್ ಕಂಟ್ರೋಲ್ 2 ಎಸ್‌ಡಿ ಮೇಲೆ, ಹೈ ಕಂಟ್ರೋಲ್ 2 ಎಸ್‌ಡಿ ಕೆಳಗೆ ಹೋಗಿ ನಡುವೆ 4 ಎಸ್‌ಡಿ ಅಂತರ ಬಂದರೂ ನಿಲ್ಲಿಸಿ. ನಾಲ್ಕು ಸಾಲಾಗಿ ಒಂದೇ ಬದಿಗೆ 1 ಎಸ್‌ಡಿ ದಾಟಿದರೆ, ಅಥವಾ ಹತ್ತು ಸಾಲಾಗಿ ಸರಾಸರಿಯ ಒಂದೇ ಬದಿಗೆ ಬಿದ್ದರೆ, ಯಾವುದೋ ನಿಧಾನವಾಗಿ ಜಾರುತ್ತಿದೆ. ಒಂದೇ ಬದಿಯ ತಪ್ಪಿಗೆ ಸ್ಟ್ಯಾಂಡರ್ಡ್ (ಹೋಲಿಸಿ ಅಳೆಯಲು ಇಡುವ, ಪ್ರಮಾಣ ಗೊತ್ತಿರುವ ದ್ರಾವಣ), ರೀಜೆಂಟ್, ದೀಪ, ಉಷ್ಣತೆ ನೋಡಿ. ಎರಡು ಬದಿಗೆ ಚೆಲ್ಲಾಡಿದರೆ ಪಿಪೆಟ್, ಗುಳ್ಳೆ, ಬೆರೆಸದ ಸ್ಯಾಂಪಲ್ ನೋಡಿ.

ಕಂಟ್ರೋಲ್ ಹೊರಬಿದ್ದ ದಿನ: ಒಂದು ಗ್ಲೂಕೋಸ್ ಲೆಕ್ಕ

ಗ್ಲೂಕೋಸಿಗೆ ಬಣ್ಣ ಬರಿಸಿ ಅಳೆಯುವ ಜಿಒಡಿ-ಪಿಒಡಿ ವಿಧಾನ, 1000 ಮೈಕ್ರೊಲೀಟರ್ ರೀಜೆಂಟಿಗೆ 10 ಮೈಕ್ರೊಲೀಟರ್ ಸ್ಯಾಂಪಲ್, 37 ಡಿಗ್ರಿಯಲ್ಲಿ ಇಟ್ಟು 505 ನ್ಯಾನೊಮೀಟರ್‌ನಲ್ಲಿ ಓದುವುದು. ನಾರ್ಮಲ್ ಕಂಟ್ರೋಲಿನ ನಿಮ್ಮ ಸರಾಸರಿ 98, ಎಸ್‌ಡಿ 2.5 ಎಂದುಕೊಳ್ಳಿ. 2 ಎಸ್‌ಡಿ ಗೆರೆಗಳು 93 ಮತ್ತು 103, 3 ಎಸ್‌ಡಿ ಗೆರೆಗಳು 90.5 ಮತ್ತು 105.5.

ಸೋಮವಾರ 99, ಮಂಗಳವಾರ 101, ಬುಧವಾರ 102, ಗುರುವಾರ 103.5, ಶುಕ್ರವಾರ 104. ಯಾವುದೂ 3 ಎಸ್‌ಡಿ ದಾಟಿಲ್ಲ. ಚೀಟಿಯ ವ್ಯಾಪ್ತಿ 84ರಿಂದ 112 ಇದ್ದರಂತೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಗುರು, ಶುಕ್ರ ಎರಡು ದಿನ ಸಾಲಾಗಿ 103ರ ಮೇಲೆ. ಶುಕ್ರವಾರ ಗ್ಲೂಕೋಸ್ ರಿಪೋರ್ಟ್ ನಿಲ್ಲಬೇಕು.

ಇಲ್ಲಿ ಹೆಚ್ಚಿನವರು ಮಾಡುವ ಕೆಲಸ: ಇನ್ನೊಮ್ಮೆ ಓಡಿಸುವುದು. 102.8 ಬಂದರೆ "ಬಂತು" ಎಂದು ಬರೆದು ಮುಂದೆ ಹೋಗುವುದು. ಇದು ನೀರು ಬರುವವರೆಗೆ ಬಾವಿ ಅಗೆದ ಹಾಗೆ. ಇನ್ನೂ ಕೆಟ್ಟದ್ದು, ಕಂಟ್ರೋಲ್ 98 ಬರುವ ಹಾಗೆ ಫ್ಯಾಕ್ಟರ್ (ಮಷೀನ್ ಲೆಕ್ಕಕ್ಕೆ ಗುಣಿಸುವ ಅಂಕಿ) ತಿದ್ದುವುದು. ಅದರ ಬದಲು ಹೀಗೆ ಮಾಡಿ.

ಮೊದಲು ರಿಜಿಸ್ಟರಿನಲ್ಲಿ ಬ್ಲಾಂಕ್ ಮತ್ತು ಸ್ಟ್ಯಾಂಡರ್ಡಿನ ಓಡಿಯನ್ನು, ಅಂದರೆ ದ್ರಾವಣ ಎಷ್ಟು ಬೆಳಕು ಹೀರಿತು ಎಂಬ ಅಂಕಿಯನ್ನು, ನೋಡಿ. ಕಂಟ್ರೋಲಿನ ಜೊತೆ ಈ ಎರಡು ಅಂಕಿಯನ್ನೂ ದಿನಾ ಬರೆಯುವ ಪದ್ಧತಿ ಇಲ್ಲದಿದ್ದರೆ ಇವತ್ತೇ ಶುರು ಮಾಡಿ, ಪೊಲೀಸರಿಗೆ ಸಿಸಿಟಿವಿ ಇದ್ದ ಹಾಗೆ ಅದು. ನಮ್ಮ ಲೆಕ್ಕದಲ್ಲಿ ಬ್ಲಾಂಕ್ ಬದಲಾಗಿಲ್ಲ, ರೀಜೆಂಟ್ ಗುಲಾಬಿ ಬಣ್ಣಕ್ಕೆ ತಿರುಗಿಲ್ಲ. 100 ಮಿ.ಗ್ರಾಂ ಸ್ಟ್ಯಾಂಡರ್ಡಿನ ಓಡಿ ಮಾತ್ರ ಸೋಮವಾರ 0.310ರ ಹತ್ತಿರ ಇದ್ದದ್ದು ಶುಕ್ರವಾರ 0.292ಕ್ಕೆ ಇಳಿದಿದೆ. ಕಂಟ್ರೋಲಿನ ಓಡಿ 0.304 ಹಾಗೇ ಇದೆ. 0.304 ಅನ್ನು 0.310ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 98, ಅದನ್ನೇ 0.292ರಿಂದ ಭಾಗಿಸಿದರೆ 104. ಕಳ್ಳ ಸ್ಟ್ಯಾಂಡರ್ಡ್ ಬಾಟಲಿಯಲ್ಲಿದ್ದಾನೆ. ಬಾಟಲಿಗೆ ನೇರವಾಗಿ, ಹಿಂದೆ ಬಳಸಿದ ಟಿಪ್ಪನ್ನೇ ಅದ್ದಿದರೆ ಸೂಕ್ಷ್ಮಾಣು ಸೇರುತ್ತವೆ, ಅವು ಸ್ಟ್ಯಾಂಡರ್ಡಿನ ಸಕ್ಕರೆ ತಿಂದು ಬದುಕುತ್ತವೆ. ಸ್ಟ್ಯಾಂಡರ್ಡ್ ಇಳಿದಷ್ಟೂ ಊರಿನವರ ಸಕ್ಕರೆ ಏರುತ್ತದೆ.

ಹೊಸ ಸ್ಟ್ಯಾಂಡರ್ಡ್ ತೆರೆಯಿರಿ, ಎರಡು ಮಟ್ಟದ ಕಂಟ್ರೋಲ್ ಓಡಿಸಿ, ಎರಡೂ ಒಳಗೆ ಬಂದ ಮೇಲೆ ಗುರುವಾರದ ಐದು ಸ್ಯಾಂಪಲ್ ಹಿಂದಕ್ಕೆ ತೆಗೆದು ಮತ್ತೆ ಓಡಿಸಿ. ಫ್ರಿಜ್ಜಿನಲ್ಲಿ ಬೇರ್ಪಡಿಸಿಟ್ಟ ಪ್ಲಾಸ್ಮಾ ಇದ್ದರೆ ಮಾತ್ರ ಇದು ಸಾಧ್ಯ. ಶೇ 6ರ ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ಖಾಲಿಹೊಟ್ಟೆಯ ನಿಜವಾದ 120 ಅಂದು 127 ಎಂದು ಹೋಗಿರುತ್ತದೆ, ಮತ್ತು 126 ಸಕ್ಕರೆ ಕಾಯಿಲೆಯ ಗೆರೆ. ಆ ರೋಗಿಗೆ ತಿದ್ದಿದ ರಿಪೋರ್ಟ್ ಕೊಡಬೇಕು, ಡಾಕ್ಟರಿಗೆ ತಿಳಿಸಬೇಕು, ಹಳೆಯ ಪ್ರತಿ ಹಿಂದಕ್ಕೆ ತೆಗೆದುಕೊಂಡು ಲ್ಯಾಬಿನಲ್ಲಿ ಇಡಬೇಕು. ಮುಜುಗರದ ಕೆಲಸ ನಿಜ.

ರಿಜಿಸ್ಟರಿನಲ್ಲಿ ಐದು ಸಾಲು: ಏನಾಯಿತು, ಕಾರಣ ಏನು ಸಿಕ್ಕಿತು, ಏನು ಬದಲಿಸಿದಿರಿ, ಆಮೇಲೆ ಕಂಟ್ರೋಲ್ ಎಷ್ಟು, ಯಾವ ರೋಗಿಗಳನ್ನು ಮತ್ತೆ ನೋಡಿದಿರಿ. ಹೊರಬಿದ್ದ ಅಂಕಿಯನ್ನು ಅಳಿಸಬೇಡಿ. ತಿಂಗಳಿಡೀ ಒಂದೂ ಹೊರಬೀಳದ ಚಾರ್ಟ್ ಕಂಡರೆ ಲ್ಯಾಬ್ ಪರಿಶೀಲಿಸಲು ಬರುವ ಅನುಭವಿ ಅಸೆಸರ್‌ಗಳಿಗೆ ಅನುಮಾನವೇ ಬರುತ್ತದೆ: ಇಪ್ಪತ್ತರಲ್ಲಿ ಒಂದು 2 ಎಸ್‌ಡಿ ದಾಟುವುದು ಲೆಕ್ಕದ ಸಹಜ ನಡೆ.

ಡೆಂಗಿ ಕಾಲದ ಪ್ಲೇಟ್‌ಲೆಟ್

ಮುಂಗಾರು ಶುರುವಾದ ಮೇಲೆ ಲ್ಯಾಬಿನ ಬಾಗಿಲಲ್ಲಿ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟಿದೆ?" ಸೆಲ್ ಕೌಂಟರಿಗೆ ನಾರ್ಮಲ್ ಕಂಟ್ರೋಲ್ ಮಾತ್ರ ಓಡಿಸುವ ಲ್ಯಾಬ್‌ಗಳೂ ಈ ನಾಲ್ಕು ತಿಂಗಳು ಲೋ ಕಂಟ್ರೋಲ್ ತರಿಸಬೇಕು. 2.5 ಲಕ್ಷದಲ್ಲಿ ಸರಿ ಇರುವ ಮಷೀನ್ 40 ಸಾವಿರದಲ್ಲೂ ಸರಿ ಇರುತ್ತದೆ ಎಂದು ಹೇಳಲಾಗದು. ಕಂಟ್ರೋಲನ್ನು ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಹೊರಗಿಟ್ಟು, ಎರಡು ಅಂಗೈ ನಡುವೆ ಹೊರಳಿಸಿ, ತಳದಲ್ಲಿ ಕಣಗಳ ಗುಂಡಿ ಉಳಿಯದಂತೆ ತಲೆಕೆಳಗು ಮಾಡಿ. ಓಡಿಸುವ ಮೊದಲು ಖಾಲಿ ಎಣಿಕೆ, ಅಂದರೆ ಬ್ಯಾಕ್‌ಗ್ರೌಂಡ್, ನೋಡಿ. ರಕ್ತ ತೆಳುವಾಗಿಸುವ ಡೈಲ್ಯುಯೆಂಟಿನಲ್ಲಿ ಧೂಳಿದ್ದರೆ ಮೊದಲು ಕೆಡುವುದು ಪ್ಲೇಟ್‌ಲೆಟ್ ಎಣಿಕೆಯೇ.

ಕಡಿಮೆ ಬಂದಾಗ ರಿಪೋರ್ಟ್ ಕೊಡುವ ಮುನ್ನ ಮೂರು ಕೆಲಸ. ಟ್ಯೂಬಿನೊಳಗೆ ಮರದ ಕಡ್ಡಿ ಆಡಿಸಿ ಹೆಪ್ಪು ಇದೆಯೇ ನೋಡಿ. ಲೀಶ್‌ಮನ್ ಬಣ್ಣ ಹಾಕಿದ ಸ್ಮಿಯರಿನ (ಗಾಜಿನ ಸ್ಲೈಡಿಗೆ ತೆಳ್ಳಗೆ ಹರಡಿದ ರಕ್ತದ) ಬಾಲದ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪಾಗಿವೆಯೇ ನೋಡಿ. ಆಮೇಲೆ ಕೆಂಪು ಕಣ ಒಂದರ ಪಕ್ಕ ಒಂದು ಹರಡಿರುವ ಜಾಗದಲ್ಲಿ ಆಯಿಲ್ ಇಮ್ಮರ್ಷನ್ ಹಾಕಿ ಹತ್ತು ಫೀಲ್ಡ್ ಎಣಿಸಿ, ಸರಾಸರಿಯನ್ನು 15,000ದಿಂದ ಗುಣಿಸಿ. ಫೀಲ್ಡಿಗೆ 10 ಇದ್ದರೆ ಒಂದೂವರೆ ಲಕ್ಷ. ಮಷೀನ್ 45,000 ಅಂದಿದ್ದರೆ ಎರಡರಲ್ಲಿ ಒಂದು ಸುಳ್ಳು.

ಕೆಲವರ ಪ್ಲೇಟ್‌ಲೆಟ್‌ಗಳು ಇಡಿಟಿಎಯಲ್ಲಿ ಮಾತ್ರ ಗುಂಪುಗೂಡುತ್ತವೆ. ಅಂಥವರಿಗೆ ಸಿಟ್ರೇಟ್ ಟ್ಯೂಬಿನಲ್ಲಿ ತೆಗೆದು ಬೇಗ ಎಣಿಸಿ, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು, ಸಿಟ್ರೇಟ್ ದ್ರವ ರಕ್ತವನ್ನು ಅಷ್ಟು ತೆಳುವಾಗಿಸಿರುತ್ತದೆ. ಉಲ್ಟಾ ಕೂಡ ಆಗುತ್ತದೆ: ಕಬ್ಬಿಣದ ಕೊರತೆಯವರ ಚಿಕ್ಕ ಕೆಂಪು ಕಣಗಳನ್ನು ಮಷೀನ್ ಪ್ಲೇಟ್‌ಲೆಟ್ ಎಂದೇ ಎಣಿಸಿ ಜಾಸ್ತಿ ತೋರಿಸುತ್ತದೆ. ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 60ರ ಆಸುಪಾಸಿದ್ದರೆ ಸ್ಮಿಯರ್ ನೋಡದೆ ಸಹಿ ಬೇಡ.

ಇನ್ನೊಂದು ಬಾಯಿಲೆಕ್ಕ: ಹಿಮೋಗ್ಲೋಬಿನ್‌ನ ಮೂರುಪಟ್ಟು ಹೆಮಟೋಕ್ರಿಟ್‌ಗೆ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಹತ್ತಿರ ಇರಬೇಕು, 3ರಷ್ಟು ಆಚೀಚೆ. ಕಣಗಳ ಗಾತ್ರ ಸಹಜವಾಗಿದ್ದವರಿಗೆ ಮಾತ್ರ ಈ ಲೆಕ್ಕ. ಎಂಸಿಎಚ್‌ಸಿ (ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) 36 ದಾಟಿದರೆ ಕೊಬ್ಬಿನ ಸೀರಂ ಅಥವಾ ತಣ್ಣಗಾದಾಗ ಕಣ ಅಂಟಿಕೊಳ್ಳುವ ರಕ್ತ ಇರಬಹುದು. 37 ಡಿಗ್ರಿಗೆ ಬಿಸಿ ಮಾಡಿ ತಕ್ಷಣ ಮತ್ತೆ ಓಡಿಸಿ.

ಹೊರಗಿನ ಕನ್ನಡಿ

ಒಳಗಿನ ಕಂಟ್ರೋಲ್ ನಿಮ್ಮ ಮಷೀನ್ ನಿನ್ನೆಯ ಹಾಗೇ ಇದೆ ಎನ್ನುತ್ತದೆ, ನಿನ್ನೆಯೇ ತಪ್ಪಿತ್ತೇ ಎಂದು ಹೇಳದು. ಅದಕ್ಕೆ ಹೊರಗಿನ ಮೌಲ್ಯಮಾಪನ, ಇಕ್ಯುಎಎಸ್. ಬಯೋಕೆಮಿಸ್ಟ್ರಿಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಹೆಮಟಾಲಜಿಗೆ ದೆಹಲಿಯ ಏಮ್ಸ್ ಇಂಥ ಕಾರ್ಯಕ್ರಮ ನಡೆಸುತ್ತವೆ. ಅವರು ಕಳಿಸಿದ ಸ್ಯಾಂಪಲನ್ನು ಆ ದಿನದ ರೋಗಿಗಳ ನಡುವೆ, ಆ ದಿನ ಕೆಲಸದಲ್ಲಿರುವವರೇ, ಒಂದೇ ಸಲ ಓಡಿಸಬೇಕು. ಸೀನಿಯರ್ ಬಂದು ಮೂರು ಸಲ ಓಡಿಸಿ ಸರಾಸರಿ ಕಳಿಸುವುದು, ಪಕ್ಕದ ಲ್ಯಾಬಿಗೆ ಫೋನ್ ಮಾಡಿ "ನಿಮ್ಗೆಷ್ಟು ಬಂತು?" ಎನ್ನುವುದು ತಮಗೆ ತಾವೇ ಕಾಪಿ ಹೊಡೆದ ಹಾಗೆ. ಫಲಿತಾಂಶದಲ್ಲಿ ಝಡ್ ಸ್ಕೋರ್ (ನಿರೀಕ್ಷಿತ ಅಂಕಿಯಿಂದ ನಿಮ್ಮದು ಎಷ್ಟು ಎಸ್‌ಡಿ ದೂರ) 2ರೊಳಗೆ ಇದ್ದರೆ ಸರಿ, 2ರಿಂದ 3 ಅನುಮಾನ, 3 ಮುಟ್ಟಿದರೆ ಅಥವಾ ದಾಟಿದರೆ ಕಾರಣ ಹುಡುಕಿ. ಒಳಗಿನ ಚಾರ್ಟ್ ನೇರ, ಹೊರಗಿನದು ಸದಾ ಮೇಲೆ ಎಂದಾದರೆ ಕ್ಯಾಲಿಬ್ರೇಷನ್ನೇ ವಾಲಿದೆ.

ಅಪಾಯದ ಅಂಕಿಗಳ ಪಟ್ಟಿಯನ್ನು ನಿಮ್ಮ ಊರಿನ ಡಾಕ್ಟರ್‌ಗಳ ಜೊತೆ ಕೂತು ಮಾಡಿ ಗೋಡೆಗೆ ಅಂಟಿಸಿ: ಗ್ಲೂಕೋಸ್ 50ರ ಕೆಳಗೆ, ಪ್ಲೇಟ್‌ಲೆಟ್ 20 ಸಾವಿರದ ಕೆಳಗೆ, ಹೀಗೆ. ಬಂದಾಗ ಫೋನ್ ಮಾಡಿ, ಆ ಕಡೆಯವರಿಂದ ಅಂಕಿಯನ್ನು ಮತ್ತೆ ಹೇಳಿಸಿ, ಯಾರಿಗೆ ಎಷ್ಟು ಹೊತ್ತಿಗೆ ಹೇಳಿದಿರಿ ಎಂದು ಬರೆಯಿರಿ. ವಾಟ್ಸ್‌ಆಪ್‌ನ ನೀಲಿ ಟಿಕ್ ಸಾಲದು.

ಸೂಜಿ ಚುಚ್ಚಿದರೆ

ಲ್ಯಾಬಿಗೆ ಸೇರುವವರಿಗೆಲ್ಲ, ಗುಡಿಸುವವರನ್ನೂ ಸೇರಿಸಿ, ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ಬಂದ ಪ್ರತಿಕಾಯ) ನೋಡಿ, 10ಕ್ಕಿಂತ ಮೇಲಿರಬೇಕು. ಲಸಿಕೆ ಹಾಕಿಸಿದ ಚೀಟಿಗಿಂತ ಈ ಅಂಕಿ ಮುಖ್ಯ. ಸೋಂಕಿನ ಸೂಜಿಯಿಂದ ಎಚ್‌ಐವಿ ತಗಲುವ ಸಂಭವ ಶೇ 0.3ರಷ್ಟಿದ್ದರೆ, ಹೆಪಟೈಟಿಸ್ ಬಿ ಲಸಿಕೆ ಇಲ್ಲದವರಿಗೆ ಆ ಕಾಯಿಲೆಯದು ಶೇ 6ರಿಂದ 30.

ಹೆಚ್ಚು ಚುಚ್ಚುವುದು ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ. ಮುಚ್ಚಳ ಹಾಕಲೇಬೇಡಿ. ರಕ್ತ ತೆಗೆಯುವ ಕುರ್ಚಿಯ ಪಕ್ಕ, ಕೈಚಾಚಿದರೆ ಸಿಗುವ ಹಾಗೆ, ಸೂಜಿ ಹಾಕುವ ಬಿಳಿ ಡಬ್ಬ ಇರಲಿ. ಮುಕ್ಕಾಲು ತುಂಬಿದಾಗ ಮುಚ್ಚಿ. ಮೂಲೆಯಲ್ಲಿಟ್ಟರೆ ಸೂಜಿ ಹಿಡಿದು ನಡೆಯಬೇಕಾಗುತ್ತದೆ.

ಚುಚ್ಚಿತು ಎಂದಿಟ್ಟುಕೊಳ್ಳಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್ ಅಥವಾ ಬ್ಲೀಚ್ ಸುರಿಯಬೇಡಿ. ಕಣ್ಣಿಗೆ ಹಾರಿದ್ದರೆ ನೀರು ಮಾತ್ರ. ಎಚ್‌ಐವಿ ತಡೆಯುವ ಮಾತ್ರೆ ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರುವಾಗಬೇಕು, 72 ಗಂಟೆ ದಾಟಿದರೆ ಉಪಯೋಗವಿಲ್ಲ, ಪೂರ್ತಿ 28 ದಿನ ತೆಗೆದುಕೊಳ್ಳಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಈ ಮಾತ್ರೆ ಯಾರ ಬಳಿ ಸಿಗುತ್ತದೆ ಎಂದು ಚುಚ್ಚುವ ಮೊದಲೇ ವಿಚಾರಿಸಿ, ನಂಬರ್ ಗೋಡೆಯ ಮೇಲೆ ಬರೆದಿಡಿ. ಭಾನುವಾರ ಸಂಜೆ ಹುಡುಕಲು ಹೊರಟರೆ ಎರಡು ಗಂಟೆ ಸಾಲದು. ಚುಚ್ಚಿಸಿಕೊಂಡವರ ರಕ್ತವನ್ನು ಅದೇ ದಿನ ಪರೀಕ್ಷಿಸಿ ಇಡಿ, ನಂತರ 6 ವಾರ, 3 ತಿಂಗಳು, 6 ತಿಂಗಳಿಗೆ. ರೋಗಿಯ ಎಚ್‌ಐವಿ ಪರೀಕ್ಷೆಗೆ ಅವರ ಒಪ್ಪಿಗೆ ಬೇಕು, 2017ರ ಕಾಯ್ದೆ ಹಾಗೆ ಹೇಳುತ್ತದೆ.

ಚೆಲ್ಲಿದರೆ, ಒಡೆದರೆ

ಶೇ 1ರ ಹೈಪೋಕ್ಲೋರೈಟ್ ಪ್ರತಿ ಬೆಳಗ್ಗೆ ಹೊಸದಾಗಿ ಮಾಡಿ. ಅಂಗಡಿಯ ಕ್ಯಾನ್ ಶೇ 5ರದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು, ಶೇ 10ರದಾದರೆ ಒಂಬತ್ತು ಪಾಲು. ಕ್ಯಾನಿನ ತಯಾರಿಕೆ ದಿನಾಂಕ ನೋಡಿ: ಬಿಸಿಲಲ್ಲಿ ತಿಂಗಳುಗಟ್ಟಲೆ ಇದ್ದ ಕ್ಯಾನಿನಲ್ಲಿ ಕ್ಲೋರಿನ್ ಅರ್ಧವೂ ಉಳಿದಿರದು.

ರಕ್ತ ಚೆಲ್ಲಿದರೆ ಎರಡು ಜೊತೆ ಕೈಗವಸು, ಮಾಸ್ಕ್, ಏಪ್ರನ್ ಹಾಕಿ. ಗಾಜಿದ್ದರೆ ಚಿಮಟದಿಂದ ಎತ್ತಿ. ಟಿಶ್ಯೂ ಅಥವಾ ಹಳೆಯ ನ್ಯೂಸ್‌ಪೇಪರ್ ಮುಚ್ಚಿ, ಹೊರಗಿನ ಅಂಚಿನಿಂದ ನಡುವಿಗೆ ಹೈಪೋಕ್ಲೋರೈಟ್ ಸುರಿದು 20–30 ನಿಮಿಷ ಬಿಡಿ, ಆಮೇಲೆ ಒರೆಸಿ ಹಳದಿ ಚೀಲಕ್ಕೆ. ಕೂಡಲೇ ಒರೆಸಿದರೆ ನೆಲ ಚೊಕ್ಕಟವಾಗುತ್ತದೆ, ವೈರಸ್ ಬಟ್ಟೆಗೆ ಹೋಗುತ್ತದೆ ಅಷ್ಟೇ.

ಹೈಪೋಕ್ಲೋರೈಟನ್ನು ಆಸಿಡ್ ಜೊತೆ ಬೆರೆಸಬೇಡಿ, ಅದರಲ್ಲಿ ನೆನೆಸಿದ್ದನ್ನು ಆಟೋಕ್ಲೇವ್‌ಗೆ ಹಾಕಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಹಿಮೋಗ್ಲೋಬಿನ್‌ಗೆ ಡ್ರ್ಯಾಬ್ಕಿನ್ ದ್ರಾವಣ ಬಳಸುವವರು, ಅದರಲ್ಲಿ ಸಯನೈಡ್ ಇದೆ ಎನ್ನುವುದನ್ನು ಮರೆಯದೆ, ಮೂತ್ರ ಪರೀಕ್ಷೆಯ ಅಸಿಟಿಕ್ ಆಸಿಡ್ ಚೆಲ್ಲುವ ಸಿಂಕಿಗೆ ಅದನ್ನು ಹಾಕಬಾರದು.

ಸೆಂಟ್ರಿಫ್ಯೂಜ್‌ನಲ್ಲಿ ಟ್ಯೂಬ್ ಒಡೆದ ಸದ್ದು ಬಂದರೆ ಸ್ವಿಚ್ ಆಫ್ ಮಾಡಿ, ಮುಚ್ಚಳ 30 ನಿಮಿಷ ತೆಗೆಯಬೇಡಿ. ತಕ್ಷಣ ಇಣುಕಿದರೆ ಗಾಳಿಯಲ್ಲಿ ತೇಲುವ ಹನಿ ಮುಖಕ್ಕೇ. ಎದುರುಬದುರು ಟ್ಯೂಬ್‌ಗಳನ್ನು ಕಣ್ಣಂದಾಜಿನಲ್ಲಿ ಇಡದೆ ಒಂದೇ ಮಟ್ಟಕ್ಕೆ ತುಂಬಿಸಿದರೆ ಒಡೆಯುವುದೇ ಅಪರೂಪ. ಕಫ ಕೊಡುವವರನ್ನು ಲ್ಯಾಬಿನೊಳಗೆ, ಬಾತ್‌ರೂಮಿನಲ್ಲಿ ಕೆಮ್ಮಿಸಬೇಡಿ. ಬಯಲಿಗೆ, ಗಾಳಿ ಹೋಗುವ ಕಡೆಗೆ ಕಳಿಸಿ.

ಮಲೆನಾಡಿನವರಿಗೆ ಒಂದು ವಿಶೇಷ ಮಾತು. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದಾಗಿನಿಂದ ಅದರ ವೈರಸ್ ಲ್ಯಾಬಿನ ಸಿಬ್ಬಂದಿಗೂ ತಗಲಿದ ಇತಿಹಾಸವಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ಕಾಡಿಗೆ ಹೋಗಿಬಂದವರಿಗೆ ಜ್ವರ ಇದ್ದು ಡಾಕ್ಟರ್ ಅನುಮಾನಪಟ್ಟಿದ್ದರೆ ಆ ಸ್ಯಾಂಪಲನ್ನು ನಿಮ್ಮಲ್ಲಿ ತೆರೆದು ಆಡಬೇಡಿ. ಸೋರದ ಟ್ಯೂಬ್, ಅದರ ಸುತ್ತ ಹೀರುವ ಹತ್ತಿ, ಹೊರಗೆ ಸೋರದ ಎರಡನೇ ಡಬ್ಬ, ಅದಕ್ಕೂ ಹೊರಗೆ ಗಟ್ಟಿ ಪೆಟ್ಟಿಗೆ ಮತ್ತು ಐಸ್ ಪ್ಯಾಕ್: ಹೀಗೆ ಮೂರು ಪದರದಲ್ಲಿ, ಆರೋಗ್ಯ ಇಲಾಖೆಯವರು ಹೇಳಿದ ಲ್ಯಾಬಿಗೆ ಕಳಿಸಿ.

ಸಂಜೆ, ಚೀಲ ಕಟ್ಟುವಾಗ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ತಾಗಿದ ಹತ್ತಿ, ಸ್ವ್ಯಾಬ್ ಹಳದಿಗೆ. ಸೂಜಿ ತೆಗೆದ ಸಿರಿಂಜ್, ಪ್ಲಾಸ್ಟಿಕ್ ಟ್ಯೂಬ್, ಟಿಪ್, ಕೈಗವಸು ಕೆಂಪಿಗೆ. ಸೂಜಿ, ಲ್ಯಾನ್ಸೆಟ್, ಬ್ಲೇಡ್ ಬಿಳಿ ಡಬ್ಬಕ್ಕೆ. ಗಾಜು ನೀಲಿಗೆ. ರಕ್ತದ ಸ್ಯಾಂಪಲ್ ಮತ್ತು ಕಲ್ಚರ್ ತಟ್ಟೆಗಳನ್ನು ಹಾಗೇ ಚೀಲಕ್ಕೆ ಹಾಕುವಂತಿಲ್ಲ, ಮೊದಲು ಲ್ಯಾಬಿನಲ್ಲೇ ನಿರ್ಜೀವಗೊಳಿಸಬೇಕು: ಆಟೋಕ್ಲೇವ್ 121 ಡಿಗ್ರಿ, 15 ಪೌಂಡ್ ಒತ್ತಡ, ಕನಿಷ್ಠ 60 ನಿಮಿಷ. ಅನ್ನ ಬೇಯಿಸುವ ಕುಕ್ಕರಿನ ಮೂರು ವಿಸಿಲ್ ಇದಕ್ಕೆ ಸಮವಲ್ಲ. ಆಟೋಕ್ಲೇವ್ ಟೇಪಿನ ಗೆರೆ ಕಪ್ಪಾದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಜೀವಾಣು ಸತ್ತಿವೆಯೇ ಎಂದು ತಿಳಿಯಲು ಬೀಜಕಗಳಿರುವ ಇಂಡಿಕೇಟರ್ ಆಂಪೂಲ್ ಆಗಾಗ ಹಾಕಿ ನೋಡಬೇಕು.

ಚೀಲ ಮುಕ್ಕಾಲು ತುಂಬಿದಾಗ ಕಟ್ಟಿ, ಬಾರ್‌ಕೋಡ್ ಅಂಟಿಸಿ, ತೂಕ ಬರೆಯಿರಿ. 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ತ್ಯಾಜ್ಯ ಒಯ್ಯುವ ಗಾಡಿ ಎರಡು ದಿನ ಬಾರದಿದ್ದರೆ ಅದನ್ನೂ ದಿನಾಂಕ ಸಮೇತ ಬರೆದು ಲಿಖಿತವಾಗಿ ತಿಳಿಸಿ, ದಾಖಲೆ ಐದು ವರ್ಷ ಇರಬೇಕು. ಕೈಗವಸು ಬಿಚ್ಚಿ, ಕೈ ತೊಳೆದು, ಫ್ರಿಜ್ಜಿನ ಸಂಜೆಯ ಉಷ್ಣತೆ ಬರೆಯಿರಿ. ಒಳಗೆ ಯಾರದಾದರೂ ಮೊಸರಿನ ಡಬ್ಬಿ ಕಂಡರೆ ಇವತ್ತೇ ಹೊರಗೆ ತೆಗೆಸಿ.